ಮಾವನ ಮಾತು ನಡೆಯದ ಜಾಗ

ಇಂದಿರಾಪುರಂ,
9 ಫೆಬ್ರುವರಿ 2025

ಪ್ರೀತಿಯ ಗುಂಡಣ್ಣ ಮಾವನಿಗೆ,

ಫೋನ್ ಮಾಡಿದರೆ ನಿಮ್ಮ ಕಿವಿಯ ಮಷೀನು ಕುಯ್ ಎನ್ನುತ್ತದೆ. ವಾಟ್ಸಾಪ್ ಮಾಡಿದರೆ ಉತ್ತರಕ್ಕೆ ಗುಲಾಬಿ ಹೂವಿನ ಚಿತ್ರ ಬರುತ್ತದೆ. ಅದಕ್ಕೇ ಈ ಕಾಗದ. ಮೆಟ್ರೋ ಹತ್ತಿ ದಿಲ್ಲಿಯ ಆ ತುದಿಯ ದ್ವಾರಕಾಕ್ಕೆ ನಾನೇ ಬಂದರೆ ಅಂಚೆಯವನಿಗಿಂತ ಬೇಗ ತಲುಪುತ್ತೇನೆ, ನಿಜ. ಆದರೆ ಈ ಸುದ್ದಿ ನಿಮ್ಮ ಅಂಗಿಯ ಜೇಬಿನಲ್ಲಿ ಮಡಚಿ ಕೂತಿರಬೇಕು, ಪಾರ್ಕಿನಲ್ಲಿ ಸಿಕ್ಕವರಿಗೆಲ್ಲ ನೀವು ಬಿಚ್ಚಿ ತೋರಿಸಬೇಕು ಎನ್ನುವುದು ನನ್ನ ಆಸೆ.

ನನ್ನ ಪ್ರಾಜೆಕ್ಟಿಗೆ ಸಂಶೋಧನಾ ಅನುದಾನ ಮಂಜೂರಾಗಿದೆ. ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನ್ನ ಹೆಸರಿನಲ್ಲೇ ಬಂದ ಮೊದಲ ಅನುದಾನ ಇದು. ಹಿಂದೆ ಎರಡು ಸಲ ಅರ್ಜಿ ತಿರುಗಿ ಬಂದಾಗ ಲೀಲಾ ಅತ್ತೆ ಚಿತ್ರಾನ್ನ ಮಾಡಿ ತಿನ್ನಿಸಿ ಸಮಾಧಾನ ಹೇಳಿದ್ದರು. ಈ ಸಲ ಪಾಯಸಕ್ಕೆ ಶ್ಯಾವಿಗೆ ಹುರಿದಿಡಲು ಹೇಳಿ.

ಕೆಲಸ ನಿಮ್ಮ ದ್ವಾರಕಾದ್ದೇ. ಮಳೆನೀರು ಇಂಗಲಿ ಎಂದು ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲೆಲ್ಲ ಗುಂಡಿ ತೋಡಿಸಿದ್ದಾರಲ್ಲ, ಆ ನೀರು ನಿಜಕ್ಕೂ ಕೆಳಗಿಳಿಯುತ್ತದೆಯೇ, ಇಳಿದರೆ ಎಲ್ಲಿಗೆ ಹೋಗುತ್ತದೆ, ನಿಮ್ಮ ಬೋರ್‌ವೆಲ್ಲಿನ ಉಪ್ಪು ಅದರಿಂದ ಕಡಿಮೆಯಾಗುತ್ತದೆಯೇ ಎಂದು ನೋಡುವುದು. ಜೊತೆಗೆ, ಬೇಸಿಗೆ ರಜೆಯಲ್ಲಿ ಲ್ಯಾಬಿಗೆ ಬಂದು ಕೆಲಸ ಕಲಿಯಲು ಇಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕೊಡಬಹುದು. ಸ್ಟೈಪೆಂಡೂ ಇದೆ.

ಇಲ್ಲಿಂದ ಮುಂದಿನದನ್ನು ಕನ್ನಡಕ ಒರೆಸಿಕೊಂಡು ಓದಿ. ಈ ಎರಡು ಜಾಗಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ನಮ್ಮ ಅನೂಪ್ ಎಂಬ ಸಹೋದ್ಯೋಗಿ ಹೆಸರುಗಳನ್ನೆಲ್ಲ ತೆಗೆದು ತಮ್ಮ ಹತ್ತಿರ ಇಟ್ಟುಕೊಂಡು, ಬರೀ ನಂಬರ್ ಹಾಕಿದ ಬರಹಗಳನ್ನು ನನಗೂ ಇನ್ನೊಬ್ಬ ಪ್ರೊಫೆಸರಿಗೂ ಕೊಡುತ್ತಾರೆ. ನಾವು ಬರಹ ಓದಿ ಆರಿಸುತ್ತೇವೆ. ಆದ್ದರಿಂದ ನೀವು ಯಾರಿಗೂ ನಿಮ್ಮ ಆ ಪ್ರಸಿದ್ಧ "ಆಗುತ್ತೆ ಬಿಡಿ" ಹೇಳಬೇಡಿ.

ನಿಮ್ಮ
ಗಗನಾ


ದ್ವಾರಕಾ,
18 ಫೆಬ್ರುವರಿ 2025

ಚಿ. ಗಗನಾಳಿಗೆ ಗುಂಡಣ್ಣ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಈಗ ನಾಲ್ಕು ಮಡಿಕೆಯಲ್ಲೂ ಹರಿಯುವ ಹಾಗಾಗಿದೆ. ಪಾರ್ಕಿನ ಬೆಂಚಿನವರು ಓದಿದರು, ಮದರ್ ಡೈರಿ ಹಾಲಿನಂಗಡಿಯ ಭಯ್ಯಾ ಕನ್ನಡ ಬಾರದಿದ್ದರೂ ನೋಡಿ "ಬಹುತ್ ಅಚ್ಛಾ" ಎಂದ. ನಿನ್ನ ಅತ್ತೆ ಪಾಯಸ ಮಾಡಿದಳು, ನನಗೆ ಶುಗರ್ ಎಂದು ಒಂದು ಚಮಚ ಕೊಟ್ಟು ಉಳಿದದ್ದನ್ನು ತಾನೇ ತಿಂದಳು.

ಅವತ್ತು ನಿನಗೆ ಎಂ.ಎಸ್ಸಿ. ಸೀಟು ಕೊಡಿಸಿದ್ದು ಇವತ್ತಿಗೆ ಸಾರ್ಥಕವಾಯಿತು ನೋಡು.

ಈಗ ನಿನ್ನ ಕಟ್ಟಪ್ಪಣೆಯ ವಿಷಯ. ಕಾಗದ ಗುರುವಾರ ಬಂತು. ಶನಿವಾರ ತಿಪ್ಪೇಸ್ವಾಮಿ ಬಂದ. ನಿನಗೆ ನೆನಪಿರಬಹುದು, ಆರ್.ಕೆ.ಪುರಂನಲ್ಲಿ ನಮ್ಮ ಹಳೆಯ ಕ್ವಾರ್ಟರ್ಸಿನ ಎದುರು ಸಾಲಿನವನು, ಈಗಲೂ ಅಲ್ಲೇ ಇದ್ದಾನೆ, ಕೇಂದ್ರ ಸಚಿವಾಲಯದಲ್ಲಿ ಯು.ಡಿ.ಸಿ. ಗುಮಾಸ್ತ. ಅವನ ಮಗಳು ಸ್ಫೂರ್ತಿ ಬಿ.ಎಸ್ಸಿ. ಎರಡನೇ ವರ್ಷ. ನಿನ್ನ ಸುದ್ದಿ ಹೇಳಿದೆ. ಅವನು, "ಸಾರ್, ನಮ್ಮ ಹುಡುಗಿಗೆ ಏನಾದ್ರೂ..." ಎಂದು ಮಾತು ಅರ್ಧಕ್ಕೆ ಬಿಟ್ಟ. ಉಳಿದರ್ಧ ನನ್ನ ಬಾಯಿಂದ ತಾನಾಗಿ ಬಂತು. ಆಗುತ್ತೆ ಬಿಡಿ ಎಂದೆ. ನಲವತ್ತು ವರ್ಷದ ನಾಲಿಗೆಯಮ್ಮ, ಒಂದು ಕಾಗದಕ್ಕೆ ಮಣಿಯುತ್ತದೆಯೇ?

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬಂದವರಿಗೆ ಹಾಸಿಗೆ ಹಾಕಿದ್ದೇನೆ, ಹೋಗುವವರಿಗೆ ಸರ್ಕಾರಿ ಕೋಟಾದಲ್ಲಿ ಬರ್ತ್ ಮಾಡಿಸಿದ್ದೇನೆ, ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರರನ್ನು ಹಿಡಿದುಕೊಟ್ಟಿದ್ದೇನೆ. ಗುಂಡಣ್ಣನ ಮಾತು ನಡೆಯದ ಜಾಗವನ್ನು ದಿಲ್ಲಿಯಲ್ಲಿ ಇನ್ನೂ ಯಾರೂ ಕಟ್ಟಿಲ್ಲ. ನೀನು ಒಂದಿಷ್ಟು ನೋಡು. ಹುಡುಗಿ ಚುರುಕಾಗಿದ್ದಾಳೆ.

ಇಂತಿ ನಿನ್ನ ಮಾವ,
ಗುಂಡಣ್ಣ


ಇಂದಿರಾಪುರಂ,
27 ಫೆಬ್ರುವರಿ 2025

ಮಾವ,

ಕಟ್ಟಿದ್ದಾರೆ. ನಮ್ಮ ವಿಭಾಗದ ಎರಡನೇ ಮಹಡಿ, ಬಲಗಡೆ ಕೊನೆಯ ಕೋಣೆ. ಬಾಗಿಲ ಮೇಲೆ ನನ್ನ ಹೆಸರಿದೆ.

ಆ ಹುಡುಗಿ ಅರ್ಜಿ ಹಾಕಲಿ, ಸಂತೋಷ. ಅರ್ಜಿ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿದೆ. ಎರಡು ಪುಟದ ಬರಹ ಸ್ವಂತವಾಗಿ ಬರೆಯಬೇಕು: "ನಿಮ್ಮ ಸುತ್ತಲಿನ ನೀರಿನ ಬಗ್ಗೆ ನಿಮ್ಮನ್ನು ಕಾಡುವ ಒಂದು ಪ್ರಶ್ನೆ." ಮಾವ, ನಿಮ್ಮ ಹೆಸರು, ನನ್ನ ಹೆಸರು ಅದರಲ್ಲಿ ಎಲ್ಲೂ ಬರಕೂಡದು. ನೀವು ಹೇಳಿದ್ದನ್ನು ನಾನು ಅನೂಪ್‌ಗೆ ಇವತ್ತೇ ತಿಳಿಸಿದ್ದೇನೆ. ಹೀಗೊಬ್ಬ ಹುಡುಗಿ ಅರ್ಜಿ ಹಾಕಬಹುದು, ಅವಳ ನಂಬರ್ ಯಾವುದೆಂದು ನನಗೆ ಯಾವ ಕಾರಣಕ್ಕೂ ತಿಳಿಯಬಾರದು ಎಂದು.

ಇದು ಇಲ್ಲ ಎಂಬ ಉತ್ತರ. ಸಿಟ್ಟಾಗಬೇಡಿ. ಭಾನುವಾರ ಊಟಕ್ಕೆ ಬರುತ್ತೇನೆ, ಅಲ್ಲಿ ಈ ಮಾತು ಬೇಡ.

ಗಗನಾ


ದ್ವಾರಕಾ,
22 ಏಪ್ರಿಲ್ 2025

ಚಿ. ಗಗನಾಳಿಗೆ ಮಾವನ ತುಂಬು ಆಶೀರ್ವಾದಗಳು.

ತಿಪ್ಪೇಸ್ವಾಮಿ ಡಬ್ಬಿ ತುಂಬ ಧಾರವಾಡ ಪೇಡೆ ತಂದುಕೊಟ್ಟು ಹೋದ. ಸ್ಫೂರ್ತಿಗೆ ನಿನ್ನ ಕಡೆಯಿಂದ ಆಯ್ಕೆಯ ಇ-ಮೇಲ್ ಬಂದಿದೆ. ಜೂನ್ ಮೊದಲ ವಾರ ಸೇರಬೇಕಂತೆ.

ನೀನು ಫೆಬ್ರುವರಿಯಲ್ಲಿ ಬರೆದ ಕಾಗದ ಓದಿ ನಿನ್ನ ಅತ್ತೆ ಹೆದರಿದ್ದಳು. ನಾನು ಹೆದರಲಿಲ್ಲ. ನಾನೂ ಸೆಕ್ಷನ್ ಆಫೀಸರ್ ಆಗಿದ್ದವನು. ಬರಹದಲ್ಲಿ ಇಲ್ಲ ಎನ್ನುವುದು ನಿಯಮ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಸಂಬಂಧ. ಭಾನುವಾರ ಊಟಕ್ಕೆ ಬಂದಾಗ ನೀನು ಆ ಮಾತೇ ಎತ್ತಲಿಲ್ಲವಲ್ಲ, ಆಗಲೇ ನನಗೆ ಗೊತ್ತಾಯಿತು, ಕಡತ ಸರಿಯಾದ ಮೇಜಿಗೆ ಹೋಗಿದೆ ಎಂದು.

ಮೊನ್ನೆ ಭಾನುವಾರ ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮ ಇತ್ತು. ಹಬ್ಬ ಆಗಿ ಮೂರು ವಾರವಾದರೂ ಎಲ್ಲರಿಗೂ ಬಿಡುವಾಗುವ ಭಾನುವಾರವೇ ದಿಲ್ಲಿಯ ಯುಗಾದಿ, ನಿನಗೆ ಗೊತ್ತಲ್ಲ. ಬೇವುಬೆಲ್ಲ ಹಂಚಿದ ಮೇಲೆ ನನ್ನನ್ನೂ ಎರಡು ಮಾತಾಡಲು ಕರೆದರು. ನಮ್ಮ ಹುಡುಗಿಗೆ ನಮ್ಮ ಹುಡುಗಿಯ ಲ್ಯಾಬಿನಲ್ಲಿ ನಾನೇ ಜಾಗ ಕೊಡಿಸಿದ್ದು ಎಂದೆ. ಚಪ್ಪಾಳೆ ಬಿತ್ತು. ತಿಪ್ಪೇಸ್ವಾಮಿ ಎದ್ದು ನಿಂತು ಕೈಮುಗಿದ. ಸ್ಫೂರ್ತಿ ಮಾತ್ರ ತಲೆ ತಗ್ಗಿಸಿಕೊಂಡು ಕೂತಿದ್ದಳು, ಪಾಪ, ನಾಚಿಕೆಯ ಹುಡುಗಿ.

ಮಾವನ ಮಾನ ಉಳಿಸಿದೆ. ಸುಖವಾಗಿರು.

ಗುಂಡಣ್ಣ


ಇಂದಿರಾಪುರಂ,
10 ಮೇ 2025

ಮಾವ,

ಸ್ಫೂರ್ತಿ ತಲೆ ತಗ್ಗಿಸಿದ್ದು ನಾಚಿಕೆಯಿಂದಲ್ಲ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ನಿಮ್ಮ ಯುಗಾದಿ ಭಾಷಣ ಕೇಳಿದವರಲ್ಲಿ ನಮ್ಮ ಪಕ್ಕದ ಟವರಿನ ಕೃಷ್ಣಮೂರ್ತಿ ಅವರೂ ಇದ್ದರು. ಅವರ ಮಗ ರಜತ್ ಇದೇ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದ್ದ, ಸಿಕ್ಕಿರಲಿಲ್ಲ. ಪ್ರೊಫೆಸರ್ ತನ್ನ ಮಾವನ ಮಾತು ಕೇಳಿ ಜಾಗ ಕೊಟ್ಟಿದ್ದಾರೆ, ಮಾವನೇ ಸಭೆಯಲ್ಲಿ ಹೇಳಿಕೊಂಡಿದ್ದಾರೆ ಎಂದು ಅವರು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಈಗ ಒಂದು ಸಮಿತಿ ಕೂತಿದೆ. ಅವರು ಮುಗಿಸುವವರೆಗೆ ಸ್ಫೂರ್ತಿಯ ಆಯ್ಕೆ ತಡೆಯಲ್ಲಿದೆ. ಮೇ ಮುಗಿಯುವುದರೊಳಗೆ ತೀರ್ಮಾನವಾಗದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ನನ್ನ ಅನುದಾನದ ಮೇಲೂ ಕಣ್ಣು ಬಿದ್ದಿದೆ. ಅದಕ್ಕೆ ನಾನು ಹೆದರಿಲ್ಲ, ನಂಬರ್ ಹಾಕಿದ ಬರಹಗಳೆಲ್ಲ ಅನೂಪ್ ಹತ್ತಿರ ಇವೆ, ಯಾರು ಬೇಕಾದರೂ ಬಂದು ಓದಲಿ.

ಆ ಹುಡುಗಿ ಬರೆದದ್ದನ್ನು ನೀವೂ ಕೇಳಿ. ಅವರ ಮನೆಯ ಹಿಂದೆ ಹೊಸ ಕಟ್ಟಡಕ್ಕೆ ಅಡಿಪಾಯ ತೋಡುತ್ತಿದ್ದಾರಂತೆ. ಗುಂಡಿಯಲ್ಲಿ ನೀರು ಉಕ್ಕುತ್ತದೆ, ದಿನವಿಡೀ ಪಂಪ್ ಹಚ್ಚಿ ಚರಂಡಿಗೆ ಬಿಡುತ್ತಾರೆ. ಅದೇ ಹೊತ್ತಿಗೆ ಅವಳಮ್ಮ ನಲ್ಲಿಯ ಕೆಳಗೆ ಖಾಲಿ ಬಕೆಟ್ ಇಟ್ಟುಕೊಂಡು ಟ್ಯಾಂಕರಿಗೆ ಕಾಯುತ್ತಾರೆ. "ಚರಂಡಿಗೆ ಹೋಗುತ್ತಿರುವ ಆ ನೀರು ಯಾರದು?" ಎನ್ನುವುದು ಅವಳ ಪ್ರಶ್ನೆ. ನಾನೂ ಆ ಇನ್ನೊಬ್ಬ ಪ್ರೊಫೆಸರೂ ಬೇರೆ ಬೇರೆ ಕೂತು ಓದಿದ್ದೆವು. ಇಬ್ಬರೂ ಅದನ್ನೇ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆವು. ಯಾರ ಬರಹ ಎಂದು ನನಗೆ ತಿಳಿದದ್ದು ಇ-ಮೇಲ್ ಹೋದ ಮೇಲೆ.

ನಿನ್ನೆ ಅವಳು ನನ್ನ ಕೋಣೆಗೆ ಬಂದಳು. ಕೂತುಕೊಳ್ಳಲಿಲ್ಲ. "ಮ್ಯಾಮ್, ಸಚ್ ಬತಾಯಿಯೇ. ನಂದು ನೀವು ಓದಿದ್ರಾ, ಇಲ್ಲಾ ಅಂಕಲ್ ಹೇಳಿದ್ರು ಅಂತ ಕೊಟ್ರಾ?" ಎಂದಳು. ಓದಿದೆ ಎಂದೆ. ಹೂಂ ಎಂದು ಹೊರಟುಹೋದಳು. ನಂಬಲಿಲ್ಲ ಮಾವ, ನನಗೆ ಗೊತ್ತು, ಏಕೆಂದರೆ ಆ ಪ್ರಶ್ನೆಯ ಜೊತೆ ನಾನು ಹದಿನೈದು ವರ್ಷದಿಂದ ಇದ್ದೇನೆ.

ನಾನು ದಾವಣಗೆರೆಯಿಂದ ಬಂದು ಎಂಟ್ರೆನ್ಸ್ ಬರೆದು ವಾಪಸ್ ಹೋಗಿದ್ದೆ. ಆಯ್ಕೆಯ ಪಟ್ಟಿಯನ್ನು ನಾನು ಕಣ್ಣಿಂದ ನೋಡಲಿಲ್ಲ. ನೀವು ಅಮ್ಮನಿಗೆ ಫೋನ್ ಮಾಡಿ, "ಕೊಡಿಸಿದ್ದೇನೆ, ಹುಡುಗಿಯನ್ನ ಹೊರಡಿಸು" ಎಂದಿರಿ. ಅಮ್ಮ ಇವತ್ತಿಗೂ ಗುಂಡ ಇಲ್ಲದಿದ್ದರೆ ಎನ್ನುತ್ತಾಳೆ. ನಮ್ಮವರ ಪ್ರತಿ ಮದುವೆ, ನಾಮಕರಣದಲ್ಲಿ ನೀವು ನನ್ನ ಹೆಗಲ ಮೇಲೆ ಕೈಯಿಟ್ಟು ಇವಳಿಗೆ ನಾನೇ ಸೀಟು ಕೊಡಿಸಿದ್ದು ಎಂದಿದ್ದೀರಿ. ನಾನು ನಕ್ಕು ಸುಮ್ಮನಿದ್ದೆ. ಕೇಳಲು ಧೈರ್ಯವಿರಲಿಲ್ಲ. ಹೌದು ಎಂದರೆ ಏನು ಮಾಡುವುದು? ಫೆಬ್ರುವರಿಯಲ್ಲಿ ಅನುದಾನದ ಪತ್ರ ಬಂದಾಗ ನನಗೆ ಮೊದಲು ಅನಿಸಿದ್ದು, ಇದಂತೂ ನನ್ನದೇ ಎಂದು. ಆ "ಇದಂತೂ" ಎನ್ನುವುದು ನನಗೆ ಇವತ್ತಿಗೂ ನೋವು.

ನನ್ನ ವಿಷಯ ಹೋಗಲಿ. ಈ ಹುಡುಗಿಗೆ ಇನ್ನೂ ಹತ್ತೊಂಬತ್ತು. ಅವಳು ಅದನ್ನು ಹೊತ್ತುಕೊಂಡು ತಿರುಗುವುದು ನನಗೆ ಬೇಡ. ನೀವು ಸಮಿತಿಗೆ ಒಂದು ಹೇಳಿಕೆ ಬರೆದುಕೊಡಬೇಕು. ನಿಮ್ಮ ಮಾತಿನಿಂದ ಏನೂ ಆಗಲಿಲ್ಲ ಎಂದು, ಸ್ವಂತ ಕೈಯಲ್ಲಿ, ಸಹಿ ಹಾಕಿ. ನಿಮಗೆ ಇದು ಎಂಥ ಕೆಲಸ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಗಗನಾ


ದ್ವಾರಕಾ,
18 ಮೇ 2025

ಚಿ. ಗಗನಾಳಿಗೆ ಲೀಲಾವತಿ ಅತ್ತೆಯ ಆಶೀರ್ವಾದ.

ನಿನ್ನ ಮಾವ ಹಾಲು ತರಲು ಹೋಗಿದ್ದಾರೆ. ಅಲ್ಲಿ ಭಯ್ಯಾ ಜೊತೆ ಮಾತಿಗೆ ನಿಂತರೆ ಅರ್ಧ ಗಂಟೆ, ಆದರೆ ಈಗೀಗ ಮಾತಿಲ್ಲದೆ ಬೇಗ ಬರುತ್ತಾರೆ. ಆದ್ದರಿಂದ ಚುಟುಕಾಗಿ ಬರೆಯುತ್ತೇನೆ.

ನಿನ್ನ ಕಾಗದ ಬಂದಾಗಿನಿಂದ ಅವರಿಗೆ ಊಟ ರುಚಿಸುತ್ತಿಲ್ಲ. ಪಾರ್ಕಿಗೆ ಹೋಗಿ ಒಬ್ಬರೇ ಸುತ್ತು ಹಾಕುತ್ತಾರೆ. ಶುಕ್ರವಾರ ಹೇಳದೆ ಕೇಳದೆ ವೈಶಾಲಿ ನಿಲ್ದಾಣದವರೆಗೆ ಮೆಟ್ರೋದಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು ಕೃಷ್ಣಮೂರ್ತಿ ಮನೆಗೆ ಹೋಗಿಬಂದಿದ್ದಾರೆ. ನಾನು ಏನೂ ಕೊಡಿಸಿಲ್ಲ, ಬಾಯಿಗೆ ಬಂತು ಅಂದೆ ಎಂದರಂತೆ. ಅವರು ಟೀ ಕೊಟ್ಟು, "ನೀವು ಅಕ್ಕನ ಮಗಳನ್ನ ಉಳಿಸೋಕೆ ಹೀಗಂತೀರಿ ಸಾರ್, ನಾವೂ ಅಷ್ಟು ತಿಳ್ಕೋತೀವಿ" ಎಂದು ಕಳಿಸಿದರಂತೆ. ಬಂದವರು ಚಪ್ಪಲಿಯನ್ನೂ ಬಿಚ್ಚದೆ ಸೋಫಾದ ಮೇಲೆ ಕೂತುಬಿಟ್ಟರು.

ಈಗ ನಿನ್ನ ಸೀಟಿನ ವಿಷಯ. ಕೇಳಬೇಕಾದದ್ದನ್ನು ನನ್ನನ್ನು ಕೇಳಬಾರದಿತ್ತೇನೆ ಹುಡುಗಿ? ಅವತ್ತು ನಾನೂ ಜೊತೆಗಿದ್ದೆ. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮೈಸೂರು ಪಾಕಿನ ಡಬ್ಬಿ ಹಿಡಿದುಕೊಂಡು ಯಾರೋ ದೊಡ್ಡವರನ್ನು ನೋಡಬೇಕು ಎಂದು ನಿನ್ನ ಡಿಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದರು. ಆ ದೊಡ್ಡವರು ರಜೆ. ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತೆವು. ಹಸಿವಾಯಿತು, ಮೈಸೂರು ಪಾಕ್ ನಾವೇ ತಿಂದೆವು. ಕೈ ಒರೆಸಿಕೊಳ್ಳಲು ಎದ್ದು ತಿರುಗಿದರೆ ನಮ್ಮ ಬೆನ್ನ ಹಿಂದಿನ ಬೋರ್ಡಿನಲ್ಲೇ ಆಯ್ಕೆಯಾದವರ ಹೆಸರು ಹಚ್ಚಿದ್ದಾರೆ. ನಿನ್ನ ಹೆಸರು ಮೇಲಿನಿಂದ ನಾಲ್ಕನೆಯದು. ಮೊದಲು ನೋಡಿದವಳು ನಾನು. ನಾವು ಬರುವ ಮೊದಲೇ ಹಚ್ಚಿ ಆಗಿತ್ತು.

ಮನೆಗೆ ಬಂದು ಫೋನ್ ಎತ್ತಿ ಕೊಡಿಸಿದ್ದೇನೆ ಎಂದರು. ನಾನು ನಕ್ಕೆ. ನಿಮ್ಮಮ್ಮ ಆ ಕಡೆಯಿಂದ ಅಳುತ್ತಾ ಹರಸುತ್ತಿದ್ದರು, ಆಗ ಇಲ್ಲ ಎನ್ನುವುದು ಹೇಗೆ ಎಂದು ನಾನೂ ಬಿಟ್ಟೆ. ಆಮೇಲಾಮೇಲೆ ಇವರಿಗೇ ಅದು ನಿಜವೆನಿಸಿರಬೇಕು.

ಲಿಫ್ಟಿನ ಸದ್ದಾಯಿತು. ನಿಲ್ಲಿಸುತ್ತೇನೆ.

ನಿನ್ನ ಅತ್ತೆ


ದ್ವಾರಕಾ,
22 ಮೇ 2025

ಚಿ. ಗಗನಾಳಿಗೆ,

ಸಮಿತಿಗೆ ಇಂಗ್ಲಿಷಿನಲ್ಲಿ ಬರೆದು ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ಅದರ ಕನ್ನಡ ಹೀಗಿದೆ.

"ಅಧ್ಯಕ್ಷರ ಅವಗಾಹನೆಗೆ. ಕೇಂದ್ರ ಸರ್ಕಾರದ ಸೇವೆಯಿಂದ ನಿವೃತ್ತನಾದ ಗುಂಡಣ್ಣ ಎಂಬ ನಾನು ತಿಳಿಸುವುದೇನೆಂದರೆ, ಕುಮಾರಿ ಸ್ಫೂರ್ತಿಗೆ ಇಂಟರ್ನ್‌ಶಿಪ್ ನಾನು ಕೊಡಿಸಿದೆ ಎಂದು ಯುಗಾದಿ ಸಭೆಯಲ್ಲಿ ಹೇಳಿದ್ದು ನಿಜ. ಕೊಡಿಸಿದ್ದು ಸುಳ್ಳು. ಡಾ. ಗಗನಾ ನನ್ನ ಅಕ್ಕನ ಮಗಳು. ಆಕೆಗೆ ನಾನು ಶಿಫಾರಸು ಮಾಡಿದ್ದೆ. ಆಕೆ ಬರಹದಲ್ಲಿ ನಿರಾಕರಿಸಿದಳು, ಆ ಕಾಗದವನ್ನು ಲಗತ್ತಿಸಿದ್ದೇನೆ. ನಿರಾಕರಣೆಯನ್ನು ನಾನು ಒಪ್ಪಿಗೆ ಎಂದು ಓದಿಕೊಂಡೆ. ಅದು ನನ್ನ ಕಾಲದ ಅಭ್ಯಾಸ, ಆಕೆಯದಲ್ಲ. ಡಾ. ಗಗನಾಳ ಮೇಲೆ ನನ್ನ ಮಾತು ನಡೆಯುವುದಿಲ್ಲ. ಹಿಂದೆಯೂ ನಡೆದಿಲ್ಲ. ಮುಂದೆ ನಡೆಯುವ ಸೂಚನೆಯೂ ಕಾಣುವುದಿಲ್ಲ. ಆಕೆ ಸ್ವತಃ ದಿಲ್ಲಿಗೆ ಓದಲು ಬಂದದ್ದು ತನ್ನ ಎಂಟ್ರೆನ್ಸ್ ಅಂಕಗಳಿಂದ, ನನ್ನಿಂದಲ್ಲ. ಸಮಿತಿ ಇದನ್ನು ಕೇಳಿಲ್ಲ, ಕಡತ ಪೂರ್ತಿಯಾಗಿರಲಿ ಎಂದು ಸೇರಿಸಿದ್ದೇನೆ."

ಎಷ್ಟೋ ಟಿಪ್ಪಣಿ ಬರೆದ ಕೈ, ಇಷ್ಟು ನಿಧಾನವಾಗಿ ಯಾವತ್ತೂ ಬರೆದಿರಲಿಲ್ಲ. ಸಹಿ ಹಾಕುವಾಗ ನಿನ್ನ ಅತ್ತೆ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

ಒಂದು ಕೇಳುತ್ತೇನೆ, ಉತ್ತರ ಕೊಡಲೇಬೇಕೆಂದಿಲ್ಲ. ಕೊಡಿಸಿದ್ದೇನೆ ಎಂದುಕೊಂಡದ್ದನ್ನೆಲ್ಲ ಹೀಗೆ ಒಂದೊಂದಾಗಿ ತೆಗೆದರೆ, ನಾನು ಈ ಊರಿನಲ್ಲಿ ಮಾಡಿದ್ದಾದರೂ ಏನು?

ಗುಂಡಣ್ಣ


ಇಂದಿರಾಪುರಂ,
1 ಜೂನ್ 2025

ಪ್ರೀತಿಯ ಮಾವ,

ಸಮಿತಿ ಎಲ್ಲ ಬರಹಗಳನ್ನೂ ಮತ್ತೆ ಓದಿಸಿತು. ಸ್ಫೂರ್ತಿಯ ಜಾಗ ಸ್ಫೂರ್ತಿಗೇ ಉಳಿಯಿತು. ನಾಳೆ ಸೇರುತ್ತಾಳೆ. ಅಧ್ಯಕ್ಷರು ನಿಮ್ಮ ಹೇಳಿಕೆಯನ್ನು ಎರಡು ಸಲ ಓದಿ, ಇಂಥ ಒಬ್ಬರು ನಮ್ಮ ಆಫೀಸಿನಲ್ಲಿದ್ದಿದ್ದರೆ ಎಂದರಂತೆ. ನಿಮ್ಮ ಹೇಳಿಕೆಯ ನಕಲನ್ನು ಅವಳಿಗೂ ಓದಲು ಕೊಟ್ಟೆ.

ನಿಮ್ಮ ಪ್ರಶ್ನೆಗೆ ಉತ್ತರ. ನಾನು ಮೊದಲ ಸಲ ಟ್ರಂಕು ಹೊತ್ತು ಬಂದ ದಿನ ಕರ್ನಾಟಕ ಎಕ್ಸ್‌ಪ್ರೆಸ್ ಬೆಳಿಗ್ಗೆ ಬರುವುದು ಸಂಜೆ ಬಂತು. ನೀವು ರಜೆ ಹಾಕಿ ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಕೂತಿದ್ದಿರಿ. ಫ್ಲಾಸ್ಕಿನ ಕಾಫಿ ತಣ್ಣಗಾಗಿತ್ತು, ಅದನ್ನೇ ಕುಡಿದೆ. ಹಾಸ್ಟೆಲ್ ಸಿಗುವವರೆಗೆ ನನಗೆ ಮಂಚ ಬಿಟ್ಟುಕೊಟ್ಟು ನೀವಿಬ್ಬರೂ ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದಿರಿ. ಫೀಸು ಕಟ್ಟುವ ಕ್ಯೂನಲ್ಲಿ, ಜುಲೈ ಬಿಸಿಲಿನಲ್ಲಿ, ನನ್ನನ್ನು ನೆರಳಿಗೆ ಕಳಿಸಿ ನೀವು ನಿಂತಿರಿ. ಅದನ್ನು ಯಾವ ಸಭೆಯಲ್ಲೂ ನೀವು ಹೇಳಿದ್ದು ನಾನು ಕೇಳಿಲ್ಲ. ನನಗೆ ನೆನಪಿರುವುದು ಅದೇ.

ನಿಮ್ಮ
ಗಗನಾ


ಆರ್.ಕೆ.ಪುರಂ,
13 ಜುಲೈ 2025

ಗುಂಡಣ್ಣ ಅಂಕಲ್‌ಗೆ ನಮಸ್ತೆ.

ನಾನು ಸ್ಫೂರ್ತಿ. ನನಗೆ ಕನ್ನಡ ಬರೆಯೋದು ಅಷ್ಟು ಬರಲ್ಲ. ಪಪ್ಪಾ ಹೇಳಿಕೊಡ್ತೀನಿ ಅಂದ್ರು, ನಾನೇ ಬೇಡ ಅಂದೆ. ಖುದ್ ಬರೀತೀನಿ.

ಯುಗಾದಿ ದಿನ ನಿಮ್ಮ ಮೇಲೆ ತುಂಬ ಗುಸ್ಸಾ ಬಂದಿತ್ತು. ನಾನು ಆ ಎರಡು ಪೇಜ್ ಬರೆಯೋಕೆ ಎಷ್ಟು ದಿನ ತಗೊಂಡೆ ಅಂತ ಮಮ್ಮಿಗೆ ಮಾತ್ರ ಗೊತ್ತು. ನೀವು ಸ್ಟೇಜ್ ಮೇಲೆ ಹಾಗಂದಾಗ ಅದು ನಂದಲ್ಲ ಅನ್ನಿಸ್ತು. ಆಮೇಲೆ ನೀವು ಬರೆದಿದ್ದನ್ನ ಮ್ಯಾಮ್ ಓದೋಕೆ ಕೊಟ್ರು. ಈಗ ಗುಸ್ಸಾ ಇಲ್ಲ.

ನಿಮ್ಮ ಸೊಸೈಟಿಯ ಬೋರ್‌ವೆಲ್ ನೀರಿನ ಸ್ಯಾಂಪಲ್ ಬೇಕು. ಮುಂದಿನ ಶನಿವಾರ ಬರ್ತೀನಿ. ಪ್ಲೀಸ್ ಗಾರ್ಡ್ ಭಯ್ಯಾಗೆ ಏನೂ ಹೇಳಿಡಬೇಡಿ. ಪರ್ಮಿಷನ್ ಲೆಟರ್ ನನ್ನ ಹತ್ರ ಇದೆ, ನಾನೇ ಮಾತಾಡ್ತೀನಿ. ಆಮೇಲೆ ನಿಮ್ಮ ಮನೆಗೆ ಬರ್ತೀನಿ. ಆಂಟಿ ಕಾಫಿ ಮಾಡಿದ್ರೆ ಕುಡೀತೀನಿ.

ಸ್ಫೂರ್ತಿ


ದ್ವಾರಕಾ,
10 ನವೆಂಬರ್ 2025

ಚಿ. ಗಗನಾಳಿಗೆ ಮಾವನ ಆಶೀರ್ವಾದಗಳು.

ನೀನು ಸಮ್ಮೇಳನಕ್ಕೆಂದು ಪರ ಊರಿಗೆ ಹೋಗಿದ್ದರಿಂದ ನಿನ್ನೆಯ ರಾಜ್ಯೋತ್ಸವ ತಪ್ಪಿಸಿಕೊಂಡೆ. ತಪ್ಪಿಸಿಕೊಂಡದ್ದೇ ಒಳ್ಳೆಯದಾಯಿತು.

ಸ್ಫೂರ್ತಿಯನ್ನು ನಿಮ್ಮ ಕೆಲಸದ ಬಗ್ಗೆ ಮಾತಾಡಲು ಕರೆದಿದ್ದರು. ಚೆನ್ನಾಗಿ ಮಾತಾಡಿದಳು. ಅರ್ಧ ಹಿಂದಿ, ಆದರೆ ಎಲ್ಲರಿಗೂ ತಿಳಿಯಿತು. ನಮ್ಮ ಸೊಸೈಟಿಯ ಗುಂಡಿಗೆ ಇಳಿದ ನೀರು ಪಕ್ಕದ ಸೊಸೈಟಿಯ ಬೋರ್‌ವೆಲ್ಲಿಗೆ ಹೋಗುತ್ತದೆ ಎಂದಳು. ಪಕ್ಕದ ಸೊಸೈಟಿಯವರು ಚಪ್ಪಾಳೆ ತಟ್ಟಿದರು, ನಮ್ಮವರು ನನ್ನ ಮುಖ ನೋಡಿದರು. ಅವಳು ಕೆಳಗಿಳಿದ ಮೇಲೆ ಸಂಘದ ಕಾರ್ಯದರ್ಶಿ ಬಸವಲಿಂಗಪ್ಪ ಮೈಕ್ ಹಿಡಿದು, "ಈ ಅವಕಾಶ ಕೊಡಿಸಿಕೊಟ್ಟ ನಮ್ಮ ಗುಂಡಣ್ಣನವರಿಗೆ" ಎಂದು ಶುರು ಮಾಡಿದ. ನಾನು ಎದ್ದು ಹೋಗಿ ಮೈಕ್ ಕಿತ್ತುಕೊಂಡೆ. "ನಾನು ಕೊಡಿಸಿದ್ದಲ್ಲ. ಈ ಹುಡುಗಿ ಬರೆದು ತಗೊಂಡಿದ್ದು. ನನ್ನ ಅಕ್ಕನ ಮಗಳಿಗೂ ನಾನು ಸೀಟು ಕೊಡಿಸಿಲ್ಲ, ಅದೂ ಅವಳೇ ತಗೊಂಡಿದ್ದು" ಎಂದೆ. ಸ್ಫೂರ್ತಿ ಈ ಸಲ ತಲೆ ಎತ್ತಿಕೊಂಡು ಕೂತಿದ್ದಳು.

ಏಪ್ರಿಲಿಗಿಂತ ಜೋರು ಚಪ್ಪಾಳೆ. ಬಸವಲಿಂಗಪ್ಪ ಮೈಕ್ ವಾಪಸ್ ತೆಗೆದುಕೊಂಡು, "ದೊಡ್ಡವರ ವಿನಯ ಅಂದ್ರೆ ಇದು" ಎಂದುಬಿಟ್ಟ. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ಮೂರು ಜನ ಕೈ ಹಿಡಿದರು. "ಸಾರ್, ಬರುವ ಬೇಸಿಗೆಗೆ ನಮ್ಮ ಹುಡುಗಂದೂ ಸ್ವಲ್ಪ." ಇಲ್ಲ ಎಂದೆ. "ಗೊತ್ತು ಸಾರ್, ನೀವು ಹಾಗೇ ಅನ್ನಬೇಕು" ಎಂದು ಕಣ್ಣು ಮಿಟುಕಿಸಿದರು. ನನ್ನ ವಿದ್ಯೆಯನ್ನೇ ನನ್ನ ಮೇಲೆ ಪ್ರಯೋಗಿಸಿದರು. ಕೃಷ್ಣಮೂರ್ತಿ ಒಬ್ಬರು ಮಾತ್ರ ದೂರದಿಂದ ನೋಡಿ ನಕ್ಕರು, ಹತ್ತಿರ ಬಂದು, ರಜತ್ ಬರುವ ವರ್ಷ ಮತ್ತೆ ಅರ್ಜಿ ಹಾಕುತ್ತಾನೆ, ನಿಮಗೆ ಹೇಳುವುದಿಲ್ಲ ಎಂದರು. ಹೇಳಬೇಡಿ ಎಂದೆ.

ಒಂದು ಉಪಾಯ ಮಾಡಿದ್ದೇನೆ. ಕೇಳಿದವರಿಗೆಲ್ಲ, ಮಕ್ಕಳನ್ನು ಭಾನುವಾರ ನಮ್ಮ ಮನೆಗೆ ಕಳಿಸಿ ಎಂದಿದ್ದೇನೆ. ಊಟದ ಮೇಜು ಖಾಲಿ ಮಾಡಿಕೊಡುತ್ತೇನೆ, ವೈಫೈ ಇದೆ, ನಿನ್ನ ಅತ್ತೆ ಕಾಫಿ ಕೊಡುತ್ತಾಳೆ. ಕೂತು ಅರ್ಜಿ ಬರೆಯಲಿ. ಯಾವ ವಿಶ್ವವಿದ್ಯಾಲಯದ್ದಾದರೂ ಸರಿ. ನಾನು ಒಂದಕ್ಷರವನ್ನೂ ಓದುವುದಿಲ್ಲ. ಓದಿದರೆ ತಿದ್ದುತ್ತೇನೆ, ತಿದ್ದಿದರೆ ಮತ್ತೆ ಕೊಡಿಸಿದೆ ಎನ್ನುತ್ತೇನೆ. ನನ್ನ ನಾಲಿಗೆ ನನಗೆ ಗೊತ್ತು.

ಇವತ್ತು ಬೆಳಿಗ್ಗೆ ದಾವಣಗೆರೆಗೆ ಫೋನ್ ಮಾಡಿದೆ. ಮಷೀನು ಕುಯ್ ಎಂದರೂ ಬಿಡದೆ ಕೂಗಿ ಹೇಳಿದೆ, ಬೆಂಚು, ಬೋರ್ಡು, ಮೈಸೂರು ಪಾಕ್, ಎಲ್ಲ. ನಿಮ್ಮಮ್ಮ ಪೂರ್ತಿ ಕೇಳಿಸಿಕೊಂಡು, "ಸುಮ್ನಿರೋ ಗುಂಡ, ನೀನಿಲ್ಲದಿದ್ರೆ ನನ್ನ ಮಗಳಿಗೆ ಯಾರೋ ಕೊಡ್ತಿದ್ರು?" ಎಂದಳು.

ಅಕ್ಕ ನಂಬಲಿಲ್ಲ. ದಿಲ್ಲಿಯವರು ನಂಬುವುದೇ ಇಲ್ಲ. ಆ ಸೀಟು ನಿನ್ನದು, ನೀನೇ ತೆಗೆದುಕೊಂಡದ್ದು. ನೀನಾದರೂ ನಂಬು.

ಇಂತಿ,
ಮಾತು ನಡೆಯದ ನಿನ್ನ ಮಾವ
ಗುಂಡಣ್ಣ